ಸಹಾಯ ಬೇಕು: ಉಗುರಿನ ಫಂಗಲ್ ಕಲ್ಚರ್ ಕಾರವಾರದಲ್ಲಿ ಆಗ್ತದಾ?

ನಮಸ್ಕಾರ. ನಮ್ಮದು ಶಿರಸಿ ಹತ್ರದ ಹಳ್ಳಿ. ಅಪ್ಪಯ್ಯನ ಕಾಲಿನ ಹೆಬ್ಬೆರಳ ಉಗುರು ಹಳದಿಯಾಗಿ, ದಪ್ಪಗಾಗಿ, ಅಂಚಲ್ಲಿ ಸುಣ್ಣದ ಹಾಗೆ ಪುಡಿ ಉದುರ್ತಾ ಇದೆ. ಮಳೆಗಾಲ ಪೂರ್ತಿ ತೋಟದ ಕೆಸರಲ್ಲೇ ಓಡಾಟ, ಹೇಳಿದ್ರೆ ಕೇಳೋದಿಲ್ಲ. ಉಗುರಿನ ಪುಡಿಯನ್ನ ಸೂಕ್ಷ್ಮದರ್ಶಕದಲ್ಲಿ ನೋಡೋ ಕೆಓಎಚ್ ಪರೀಕ್ಷೆಯಲ್ಲಿ ಫಂಗಸ್ ಕಾಣಲಿಲ್ಲ. ಆದ್ರೆ ಉಗುರಲ್ಲಿ ಒಂದು ನೆಗೆಟಿವ್ ನಂಬೋ ಹಾಗಿಲ್ಲ, ಕಲ್ಚರ್ (ಉಗುರಿನ ಚೂರನ್ನ ಲ್ಯಾಬಲ್ಲಿಟ್ಟು ಫಂಗಸ್ ಬೆಳೀತದಾ ಅಂತ ನೋಡೋದು) ಮಾಡಿಸಿ ಅಂದ್ರು ಡಾಕ್ಟ್ರು. ರಿಪೋರ್ಟಿಗೆ ಮೂರ್ನಾಲ್ಕು ವಾರ ಬೇಕಂತೆ. ಮಾತ್ರೆ ತಿಂಗಳುಗಟ್ಟಲೆ ನುಂಗ್ಬೇಕು, ಲಿವರ್ ಟೆಸ್ಟ್ ಬೇರೆ. ಖಾತ್ರಿ ಆಗದೆ ಶುರು ಮಾಡೋದು ನನಗೂ ಸರಿ ಕಾಣಲ್ಲ.

ಕಾರವಾರ ಮೆಡಿಕಲ್ ಕಾಲೇಜಲ್ಲಿ ಇದು ಆಗ್ತದಾ, ಇಲ್ಲಾ ಹುಬ್ಬಳ್ಳಿ, ಮಣಿಪಾಲವೇ ಗತಿಯಾ? ಉಗುರಿನ ಚೂರು ಒಣ ಕಾಗದದಲ್ಲಿ ಮಡಚಿ ತಂದುಕೊಟ್ರೆ ತಗೊಳ್ತಾರಾ, ಅಪ್ಪಯ್ಯನೇ ಬರಬೇಕಾ? ಹಚ್ಚೋ ಮುಲಾಮು ಎಷ್ಟು ದಿನ ಮೊದಲೇ ನಿಲ್ಲಿಸೋಕೆ ಹೇಳಿದ್ರು? ಮಾಡಿಸಿದವರು ತಿಳಿಸಿ. ಕ್ರೀಮಿನ ಹೆಸರು ಮಾತ್ರ ದಯವಿಟ್ಟು ಬೇಡ.