ಸರ್ವರ್ ಬದಲಿಸಿದ ಮೇಲೆ ವರ್ಡ್‌ಪ್ರೆಸ್‌ನಲ್ಲಿ ಕನ್ನಡವೆಲ್ಲ ಕಲಸುಮೇಲೋಗರ, ಕೆಲವು ಶೀರ್ಷಿಕೆ ಬರೀ ಪ್ರಶ್ನೆ ಚಿಹ್ನೆ

ಗಾಂಧಿಬಜಾರ್_ಅಡ್ಮಿನ್

ನಮಸ್ಕಾರ. ಬಸವನಗುಡಿ ಕಡೆಯ ಓದುಗರ ಬಳಗವೊಂದರ ಸೈಟ್ ನೋಡಿಕೊಳ್ತಿದ್ದೀನಿ. 2006ರಲ್ಲಿ ಶುರುವಾದ ವರ್ಡ್‌ಪ್ರೆಸ್, ಅದೇ ಡೇಟಾಬೇಸ್ ಮೇಲೇ ಅಪ್‌ಡೇಟ್ ಆಗ್ತಾ ಬಂದಿದೆ. ಹಳೆಯ ಶೇರ್ಡ್ ಹೋಸ್ಟಿಂಗ್‌ನಿಂದ ಈಗ ಉಬುಂಟು, ಅಪಾಚೆ ವೆಬ್ ಸರ್ವರ್, ಮರಿಯಾಡಿಬಿ ಡೇಟಾಬೇಸ್ ಇರುವ ವಿಪಿಎಸ್‌ಗೆ (ಬಾಡಿಗೆ ವರ್ಚುವಲ್ ಸರ್ವರ್) ತಂದಿದ್ದೇವೆ. ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿ, ಡಂಪ್ ಫೈಲ್‌ನಲ್ಲಿ (ಡೇಟಾಬೇಸ್‌ನ ಪ್ರತಿ) ಚಾರ್‌ಸೆಟ್, ಅಂದರೆ ಅಕ್ಷರ ಸಂಕೇತ ಪದ್ಧತಿ, ‘ಲ್ಯಾಟಿನ್1’ (ಯುರೋಪಿನ ಅಕ್ಷರಗಳದು) ಅಂತ ಇದ್ದ ಕಡೆಯೆಲ್ಲ ‘ಯುಟಿಎಫ್8ಎಂಬಿ4’ (ಎಲ್ಲ ಲಿಪಿಗಳದು) ಅಂತ ಬದಲಿಸಿ ಇಂಪೋರ್ಟ್ ಮಾಡಿದ್ದು.

ಈಗಿನ ಸ್ಥಿತಿ: ಹಳೆಯ ಲೇಖನಗಳಲ್ಲಿ ಕನ್ನಡದ ಬದಲು ತಲೆಯ ಮೇಲೆ ಓರೆಗೆರೆ ಇರುವ ಸಣ್ಣ ‘ಎ’, ಅದರ ಪಕ್ಕ ಮೇಲೇರಿದ 2 ಅಥವಾ 3, ಹೀಗೇ ಸಾಲುಗಟ್ಟಲೆ. ಸೈಡ್‌ಬಾರ್‌ನ ವಿಜೆಟ್‌ಗಳು ಮಾಯ. ಹೊಸ ಸರ್ವರ್‌ಗೆ ಬಂದ ಮೇಲೆ ಬರೆದ ಲೇಖನಗಳ ಒಳಗಿನ ಕನ್ನಡ ಸರಿಯಿದೆ. ಆದರೆ ನೆಟ್‌ನಲ್ಲಿ ಸಿಕ್ಕ ‘ಕನ್ವರ್ಟ್’ ಕ್ವೆರಿಯೊಂದನ್ನು ಶೀರ್ಷಿಕೆಗಳ ಮೇಲೆ ಓಡಿಸಿದಾಗ ಹಳೆಯ ಶೀರ್ಷಿಕೆಗಳು ಸರಿಯಾದವು, ಹೊಸವು ???? ಆಗಿಬಿಟ್ಟವು. ಜೊತೆಗೆ, ಮುಖಪುಟ ಬಿಟ್ಟು ಬೇರೆ ಯಾವ ಪುಟ ತೆರೆದರೂ 404. ಹಳೆಯ ಹೋಸ್ಟಿಂಗ್ ತಿಂಗಳ ಕೊನೆವರೆಗೆ ಜೀವಂತ ಇರುತ್ತೆ, ಎಸ್‌ಎಸ್‌ಎಚ್ (ದೂರದಿಂದ ಆಜ್ಞೆ ಓಡಿಸುವ ದಾರಿ) ಕೂಡ ಇದೆ. ಎಲ್ಲಿಂದ ಶುರು ಮಾಡಲಿ?

ಕೀಲಿಮಣೆ

ಮೊದಲು ಕೆಲಸ ನಿಲ್ಲಿಸಿ. ವಿಜೆಟ್ಸ್, ಕಸ್ಟಮೈಸರ್, ಥೀಮ್ ಸೆಟ್ಟಿಂಗ್ ಇದ್ಯಾವುದರಲ್ಲೂ ಸೇವ್ ಒತ್ತಬೇಡಿ. ಕಾರಣ ಆಮೇಲೆ ಹೇಳ್ತೀನಿ.

ಕಲಸುಮೇಲೋಗರ ಮತ್ತು ಪ್ರಶ್ನೆ ಚಿಹ್ನೆ ಎರಡು ಬೇರೆ ಬೇರೆ ರೋಗ. ಮೊದಲನೆಯದರಲ್ಲಿ ಮಾಹಿತಿ ಒಳಗೇ ಇದೆ, ವಾಪಸ್ ಬರುತ್ತೆ. ಎರಡನೆಯದರಲ್ಲಿ ಹೋದದ್ದು ಹೋಯಿತು. ಯಾವುದು ಯಾವುದು ಅಂತ ಬ್ರೌಸರ್ ನೋಡಿ ತೀರ್ಮಾನಿಸಬೇಡಿ, ಸೆಲೆಕ್ಟ್ ಕ್ವೆರಿಯಲ್ಲಿ, ಒಳಗಿನ ಬೈಟ್‌ಗಳನ್ನೇ ತೋರಿಸುವ ಹೆಕ್ಸ್ ಫಂಕ್ಷನ್ ಹಾಕಿ ನೋಡಿ. ‘ಕ’ ಅಕ್ಷರ ಸರಿಯಾಗಿ ಕೂತಿದ್ದರೆ ಇ0 ಬಿ2 95 ಎಂದು ಮೂರು ಬೈಟ್ ಕಾಣುತ್ತೆ. ಎರಡು ಸಲ ಎನ್‌ಕೋಡ್ ಆಗಿದ್ದರೆ ಸಿ3 ಎ0 ಸಿ2 ಬಿ2 ಇ2 80 ಎ2 ಎಂದು ಏಳು ಬೈಟ್. ಬರೀ 3ಎಫ್ ಸಾಲು ಕಂಡರೆ ಅದು ನಿಜವಾದ ಪ್ರಶ್ನೆ ಚಿಹ್ನೆ, ಯಾವ ಕ್ವೆರಿಯೂ ಅದನ್ನು ಕನ್ನಡ ಮಾಡಲ್ಲ. (ಕ್ವೆರಿ ಬರೆಯುವಾಗ ಈ ಅಕ್ಷರಗಳೆಲ್ಲ ಇಂಗ್ಲಿಷ್‌ನಲ್ಲೇ ಇರಲಿ.)

ಹೀಗಾದದ್ದು ಏಕೆ: ವರ್ಡ್‌ಪ್ರೆಸ್ 2.2 ಬಂದದ್ದು 2007ರಲ್ಲಿ. ಅದಕ್ಕೂ ಮುಂಚಿನ ಕಾನ್ಫಿಗ್ ಫೈಲ್‌ನಲ್ಲಿ ಡಿಬಿ_ಚಾರ್‌ಸೆಟ್ ಎಂಬ ಸಾಲೇ ಇರಲಿಲ್ಲ. ಟೇಬಲ್‌ಗಳು ಲ್ಯಾಟಿನ್1, ಕನೆಕ್ಷನ್ ಕೂಡ ಲ್ಯಾಟಿನ್1. ಅದರೊಳಗೆ ಕನ್ನಡದ ಯುಟಿಎಫ್-8 ಬೈಟ್‌ಗಳು ಹಾಗೇ ಹೋಗಿ ಹಾಗೇ ಹೊರಬರುತ್ತಿದ್ದವು, ಯಾರಿಗೂ ಗೊತ್ತಾಗಲಿಲ್ಲ. ಪಿಎಚ್‌ಪಿಮೈಅಡ್ಮಿನ್ ಯುಟಿಎಫ್-8 ಕನೆಕ್ಷನ್‌ನಲ್ಲಿ ಓದುವುದರಿಂದ ‘ಓ, ಇದು ಲ್ಯಾಟಿನ್1’ ಅಂದುಕೊಂಡು ಪ್ರತಿ ಬೈಟನ್ನೂ ಇನ್ನೊಮ್ಮೆ ಯುಟಿಎಫ್-8 ಮಾಡಿ ಡಂಪ್‌ಗೆ ಬರೆದಿದೆ. ಅದರ ಮೇಲೆ ನೀವು ಟೇಬಲ್‌ನ ಚಾರ್‌ಸೆಟ್ ಹೆಸರನ್ನೂ ಬದಲಿಸಿದ್ದರಿಂದ ಆ ಎರಡು ಪದರ ಅಲ್ಲೇ ಗಟ್ಟಿಯಾಯಿತು.

ವಿಜೆಟ್ ಮಾಯವಾದದ್ದೂ ಇದೇ ಕಾರಣಕ್ಕೆ. ಆಪ್ಷನ್ಸ್ ಟೇಬಲ್‌ನಲ್ಲಿ ಪಿಎಚ್‌ಪಿ ಸೀರಿಯಲೈಸ್ ಮಾಡಿದ (ಒಂದೇ ಸಾಲಾಗಿ ಕಟ್ಟಿಟ್ಟ) ಪಠ್ಯದ ಮುಂದೆ ಅದರ ಉದ್ದವನ್ನು ಬೈಟ್‌ಗಳಲ್ಲಿ ಬರೆದಿರುತ್ತೆ. ‘ಕನ್ನಡ’ ಅಂದರೆ 15 ಬೈಟ್. ಎರಡು ಸಲ ಎನ್‌ಕೋಡ್ ಆದ ಮೇಲೆ ಅದೇ ಪದ 31 ಬೈಟ್. ಲೆಕ್ಕ ತಾಳೆಯಾಗದೆ ಪಿಎಚ್‌ಪಿ ಇಡೀ ಸಾಲನ್ನೇ ತಿರಸ್ಕರಿಸುತ್ತೆ. ಪಠ್ಯ ಸರಿಯಾದರೆ ಲೆಕ್ಕವೂ ತಾನಾಗಿ ಸರಿಹೋಗುತ್ತೆ. ಆದರೆ ಅಷ್ಟರಲ್ಲಿ ನೀವು ಖಾಲಿ ವಿಜೆಟ್ ಪುಟವನ್ನು ಸೇವ್ ಮಾಡಿದರೆ ಹಳೆಯದರ ಮೇಲೆ ಖಾಲಿಯೇ ಕೂರುತ್ತೆ.

ಹಳೆಯ ಸರ್ವರ್ ಇರುವಾಗ ಇದ್ದಲ್ಲೇ ರಿಪೇರಿ ಮಾಡುವ ಸಾಹಸ ಬೇಡ, ಮತ್ತೆ ಡಂಪ್ ತೆಗೆಯಿರಿ. ಅದಕ್ಕೂ ಮುಂಚೆ ಹೊಸ ಸರ್ವರ್‌ನಲ್ಲಿ ಟೂಲ್ಸ್ ಮೆನುವಿನ ಎಕ್ಸ್‌ಪೋರ್ಟ್‌ಗೆ ಹೋಗಿ, ಪೋಸ್ಟ್ಸ್ ಆರಿಸಿ, ವಲಸೆಯಾದ ತಿಂಗಳಿಂದೀಚಿನವನ್ನು ಎಕ್ಸ್‌ಎಂಎಲ್ ಆಗಿ ಇಳಿಸಿಕೊಳ್ಳಿ. ಆಮೇಲೆ ಹಳೆಯ ಸರ್ವರ್‌ನ ಶೆಲ್‌ನಲ್ಲಿ ಮೈಎಸ್‌ಕ್ಯುಎಲ್‌ಡಂಪ್ ಓಡಿಸಿ. ಡೀಫಾಲ್ಟ್-ಕ್ಯಾರೆಕ್ಟರ್-ಸೆಟ್ ಲ್ಯಾಟಿನ್1 ಅಂತ ಕೊಡಿ, ಜೊತೆಗೆ ಸ್ಕಿಪ್-ಸೆಟ್-ಚಾರ್‌ಸೆಟ್ ಆಯ್ಕೆಯೂ ಇರಲಿ. ಲ್ಯಾಟಿನ್1 ಅಂತ ಕೊಟ್ಟಾಗ ಯಾವ ಪರಿವರ್ತನೆಯೂ ಆಗದೆ ಬೈಟ್‌ಗಳು ಇದ್ದಹಾಗೇ ಹೊರಬರುತ್ತವೆ. ಫೈಲನ್ನು ಲೆಸ್ ಆಜ್ಞೆಯಲ್ಲಿ ತೆರೆದು ನೋಡಿ, ಟರ್ಮಿನಲ್‌ನಲ್ಲಿ ಓದಬಲ್ಲ ಕನ್ನಡ ಕಾಣಲೇಬೇಕು. ಕಾಣದಿದ್ದರೆ ಮುಂದೆ ಹೋಗಬೇಡಿ.

ಕಂಡರೆ, ಕ್ರಿಯೇಟ್ ಟೇಬಲ್ ಸಾಲುಗಳಲ್ಲಿ ಮಾತ್ರ ಲ್ಯಾಟಿನ್1 ಇರುವುದನ್ನು ಯುಟಿಎಫ್8ಎಂಬಿ4 ಮಾಡಿ, ಸ್ವೀಡಿಷ್ ಕೊಲೇಷನ್ (ಅಕ್ಷರಗಳನ್ನು ಹೋಲಿಸುವ ನಿಯಮ) ಇದ್ದರೆ ಯುಟಿಎಫ್8ಎಂಬಿ4_ಯುನಿಕೋಡ್_ಸಿಐ ಹಾಕಿ. ಟೇಬಲ್ ಉಳಿಸುವ ಇಂಜಿನ್ ಮೈಐಸ್ಯಾಮ್ ಇದ್ದರೆ ಇನ್ನೋಡಿಬಿ ಮಾಡಿ. ಇಲ್ಲದಿದ್ದರೆ 255 ಅಕ್ಷರದ ಇಂಡೆಕ್ಸ್ ಇರುವ ಕಡೆ 255×4=1020 ಬೈಟ್ ಆಗಿ, ಮೈಐಸ್ಯಾಮ್‌ನ 1000 ಬೈಟ್ ಮಿತಿ ದಾಟಿ 1071 ಎರರ್ ಬರುತ್ತೆ. ಕೊನೆಗೆ ಖಾಲಿ ಡೇಟಾಬೇಸ್‌ಗೆ ಡೀಫಾಲ್ಟ್-ಕ್ಯಾರೆಕ್ಟರ್-ಸೆಟ್ ಯುಟಿಎಫ್8ಎಂಬಿ4 ಕೊಟ್ಟು ಇಂಪೋರ್ಟ್ ಮಾಡಿ, ಇಳಿಸಿಟ್ಟ ಎಕ್ಸ್‌ಎಂಎಲ್ ಅನ್ನು ಅದರ ಮೇಲೆ ಸೇರಿಸಿ. ಇದನ್ನೆಲ್ಲ ಟಿಮಕ್ಸ್ ಒಳಗೆ ಓಡಿಸಿ, ಸಂಪರ್ಕ ಕಡಿದರೂ ಸರ್ವರ್‌ನಲ್ಲಿ ಕೆಲಸ ನಿಲ್ಲಲ್ಲ. ಸಂಜೆ ಮಳೆ, ಕರೆಂಟ್ ಹೋಯಿತು, ವೈಫೈ ಸತ್ತಿತು, ಇಂಪೋರ್ಟ್ ಅರ್ಧಕ್ಕೆ ನಿಂತಿತು ಅನ್ನೋದು ನಮ್ಮೂರಲ್ಲಿ ಹೊಸದೇನಲ್ಲ.

ಒತ್ತಕ್ಷರ

ಕೀಲಿಮಣೆ ಹೇಳಿದ್ದು ಸರಿ. ಹಳೆಯ ಸರ್ವರ್ ಇಲ್ಲದವರು ಈ ಥ್ರೆಡ್ ಓದಿದರೆ ಅವರಿಗಾಗಿ ಒಂದೆರಡು ಮಾತು.

ಆ ಕನ್ವರ್ಟ್ ಕ್ವೆರಿ ತಪ್ಪಲ್ಲ. ಕಾಲಂ ಅನ್ನು ಲ್ಯಾಟಿನ್1ಗೆ ಕನ್ವರ್ಟ್, ಅದನ್ನು ಬೈನರಿಗೆ ಕಾಸ್ಟ್, ಅದನ್ನು ಮತ್ತೆ ಯುಟಿಎಫ್8ಎಂಬಿ4ಗೆ ಕನ್ವರ್ಟ್. ಒಂದು ಪದರ ಸುಲಿಯುವ ಕೆಲಸ. ಎರಡು ಪದರ ಇಲ್ಲದ ಸಾಲಿನ ಮೇಲೆ ಓಡಿಸಿದರೆ, ಲ್ಯಾಟಿನ್1ನಲ್ಲಿ ಕನ್ನಡ ಅಕ್ಷರವೇ ಇಲ್ಲದ ಕಾರಣ ಪ್ರತಿ ಅಕ್ಷರ, ಪ್ರತಿ ಕಾಗುಣಿತದ ಚಿಹ್ನೆಗೂ ಒಂದೊಂದು ‘?’ ಬರುತ್ತೆ. ಆದ್ದರಿಂದ ವೇರ್ ಷರತ್ತು ಕಡ್ಡಾಯ: ಕಾಲಂನ ಹೆಕ್ಸ್‌ನಲ್ಲಿ ಸಿ3ಎ0ಸಿ2ಬಿ2 ಇರುವ ಸಾಲುಗಳು ಮಾತ್ರ. ಪೋಸ್ಟ್ಸ್ ಒಂದೇ ಸಾಲದು, ಪೋಸ್ಟ್‌ಮೆಟಾ, ಟರ್ಮ್ಸ್, ಟರ್ಮ್_ಟ್ಯಾಕ್ಸಾನಮಿ, ಕಾಮೆಂಟ್ಸ್, ಆಪ್ಷನ್ಸ್, ಯೂಸರ್ಸ್ ಎಲ್ಲಕ್ಕೂ ಬೇಕು. ರಿವಿಷನ್‌ಗಳೂ (ಲೇಖನದ ಹಿಂದಿನ ಪ್ರತಿಗಳು) ಪೋಸ್ಟ್ಸ್ ಟೇಬಲ್‌ನಲ್ಲೇ ಇರುವುದರಿಂದ, ಷರತ್ತಿಲ್ಲದೆ ಓಡಿಸಿದ್ದರೆ ಅಲ್ಲಿನ ಶೀರ್ಷಿಕೆಗಳೂ ಹೋಗಿರುತ್ತವೆ.

ಟೇಬಲ್ ಇನ್ನೂ ಲ್ಯಾಟಿನ್1 ಇದ್ದು, ಹೆಕ್ಸ್ ಮಾತ್ರ ಇ0ಬಿ295 ಎಂದು ಸರಿಯಾಗಿ ಕಂಡರೆ ಈ ಕ್ವೆರಿ ಬೇಡ. ಕಾಲಂ ಅನ್ನು ಒಮ್ಮೆ ಲಾಂಗ್‌ಬ್ಲಾಬ್ (ಬರೀ ಬೈಟ್‌ಗಳ ಕಾಲಂ) ಮಾಡಿ, ಅಲ್ಲಿಂದ ಯುಟಿಎಫ್8ಎಂಬಿ4 ಲಾಂಗ್‌ಟೆಕ್ಸ್ಟ್ ಮಾಡಿ. ನೇರವಾಗಿ ಬದಲಿಸಿದರೆ ಮತ್ತೆ ಅದೇ ಎರಡು ಪದರ.

ಇನ್ನೊಂದು, ಡಂಪ್ ಫೈಲನ್ನು ವಿಂಡೋಸ್ ಎಡಿಟರ್‌ನಲ್ಲೋ ಐಕಾನ್ವ್ ಆಜ್ಞೆಯಲ್ಲೋ ವಿಂಡೋಸ್-1252 ಎಂದು ಪರಿವರ್ತಿಸಲು ಹೋಗಬೇಡಿ. ಆ ಪಟ್ಟಿಯಲ್ಲಿ 81, 8ಡಿ, 8ಎಫ್, 90, 9ಡಿ ಈ ಐದು ಬೈಟ್‌ಗಳಿಗೆ ಅಕ್ಷರವಿಲ್ಲ. ನಮ್ಮ ಹಣೆಬರಹ ನೋಡಿ: ಉಕಾರದ ಕೊಂಬು 81ರಲ್ಲಿ ಮುಗಿಯುತ್ತೆ, ಒತ್ತಕ್ಷರಗಳಿಗೆಲ್ಲ ಬೇಕಾದ ಹಲಂತ 8ಡಿಯಲ್ಲಿ. ಏ, ಐ, ಝ ಉಳಿದ ಮೂರರಲ್ಲಿ. ಮೈಎಸ್‌ಕ್ಯುಎಲ್‌ನ ಲ್ಯಾಟಿನ್1 ಈ ಐದನ್ನೂ ಕಳೆಯದೆ ಉಳಿಸಿಕೊಳ್ಳುತ್ತೆ, ಹಾಗಾಗಿ ಡೇಟಾಬೇಸ್ ಒಳಗೇ ಮಾಡುವುದು ಲೇಸು.

ಎಲ್ಲ ಮುಗಿದ ಮೇಲೂ ಕೆಲವು ಹಳೆಯ ಲೇಖನ ಕಲಸಿಕೊಂಡೇ ಇದ್ದು, ಅದರಲ್ಲಿ ಓರೆಗೆರೆಯ ದೊಡ್ಡ ‘ಎ’ ಮತ್ತೆ ಮತ್ತೆ ಕಂಡರೆ ಅದು ಚಾರ್‌ಸೆಟ್ ತೊಂದರೆಯಲ್ಲ. ‘ನುಡಿ’ ತಂತ್ರಾಂಶದ ಯುನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿ ಅಂಟಿಸಿದ ಪಠ್ಯ, ಹಳೆಯ ಸರ್ವರ್‌ನಲ್ಲೂ ಹಾಗೇ ಇರುತ್ತೆ. ಆಸ್ಕಿಯಿಂದ ಯುನಿಕೋಡ್‌ಗೆ ಬದಲಿಸುವ ಕನ್ವರ್ಟರ್ ಬೇಕು.

ಗಾಂಧಿಬಜಾರ್_ಅಡ್ಮಿನ್

ತುಂಬಾ ಧನ್ಯವಾದ ಸಾರ್. ಲ್ಯಾಟಿನ್1 ಡಂಪ್‌ನಲ್ಲಿ ಕನ್ನಡ ಸ್ವಚ್ಛವಾಗಿ ಕಾಣ್ತಿದೆ, ಇಂಪೋರ್ಟ್ ಆದ ಮೇಲೆ ವಿಜೆಟ್‌ಗಳೂ ಬಂದವು. ಉಳಿದದ್ದು ಎರಡು: ???? ಆದ ಹೊಸ ಶೀರ್ಷಿಕೆಗಳು, ಮತ್ತೆ 404. ಬ್ಲಾಕ್ ಎಡಿಟರ್‌ನಲ್ಲಿ ಅಪ್‌ಡೇಟ್ ಒತ್ತಿದರೆ ‘ಉತ್ತರ ಸರಿಯಾದ ಜೇಸನ್ ಅಲ್ಲ’ ಅಂತ ಬೇರೆ ಬರುತ್ತೆ.

ಯಶವಂತಪುರ_ಲೋಕಲ್

ಜೇಸನ್ ಎರರ್ ಮತ್ತು 404 ಒಂದೇ ಗಿರಾಕಿ. 404 ಪುಟ ನಿಮ್ಮ ಥೀಮ್‌ನದೋ ಅಪಾಚೆಯ ಬೋಳು ಪುಟವೋ ನೋಡಿ. ಬೋಳು ಪುಟವಾದರೆ ವಿನಂತಿ ವರ್ಡ್‌ಪ್ರೆಸ್ ತನಕ ಹೋಗುತ್ತಲೇ ಇಲ್ಲ. ಎ2ಎನ್‌ಮಾಡ್ ಆಜ್ಞೆಯಿಂದ, ವಿಳಾಸಗಳನ್ನು ತಿರುಗಿಸುವ ರೀರೈಟ್ ಮಾಡ್ಯೂಲ್ ಚಾಲೂ ಮಾಡಿ. ಉಬುಂಟುವಿನ ಅಪಾಚೆ2 ಕಾನ್ಫ್ ಫೈಲ್‌ನಲ್ಲಿ ವಾರ್ ಒಳಗಿನ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಡೈರೆಕ್ಟರಿಗೆ ಅಲೌಓವರ್‌ರೈಡ್ ‘ನನ್’ ಅಂತಲೇ ಇರುತ್ತೆ, ಅದನ್ನು ‘ಆಲ್’ ಮಾಡಿ ಅಪಾಚೆ ರೀಸ್ಟಾರ್ಟ್ ಮಾಡಿ. ಆಮೇಲೆ ಸೆಟ್ಟಿಂಗ್ಸ್‌ನ ಪರ್ಮಾಲಿಂಕ್ಸ್ ಪುಟ ತೆರೆದು ಏನೂ ಬದಲಿಸದೆ ಸೇವ್ ಒತ್ತಿ, ಎಚ್‌ಟಿಆ್ಯಕ್ಸೆಸ್ ಫೈಲ್ ಹೊಸದಾಗಿ ಬರೆಯುತ್ತೆ. ಎಡಿಟರ್ ಸೇವ್ ಮಾಡಲು ಬಳಸುವ ರೆಸ್ಟ್ ಎಪಿಐ ಕೂಡ ಇದೇ ದಾರಿಯಲ್ಲಿ ಬರುವುದರಿಂದ ಎಡಿಟರ್ ದೂರೂ ನಿಲ್ಲುತ್ತೆ.

ಶೀರ್ಷಿಕೆಗೆ ಪೋಸ್ಟ್_ನೇಮ್ ಕಾಲಂ ನೋಡಿ. ಕನ್ನಡ ಸ್ಲಗ್ (ಪುಟದ ವಿಳಾಸದಲ್ಲಿ ಬರುವ ಹೆಸರು) ಅಲ್ಲಿ ಶೇಕಡಾ ಚಿಹ್ನೆಯ ಆಸ್ಕಿ ರೂಪದಲ್ಲಿ ಕೂತಿರುತ್ತೆ, ಆದ್ದರಿಂದ ಯಾವ ಚಾರ್‌ಸೆಟ್ ಗಲಾಟೆಯೂ ಅದನ್ನು ಮುಟ್ಟಲ್ಲ. ಯುಆರ್‌ಎಲ್ ಡಿಕೋಡ್ ಮಾಡಿದರೆ ಶೀರ್ಷಿಕೆಯ ಮೊದಲ ಭಾಗ ಸಿಗುತ್ತೆ. ಮೊದಲ ಭಾಗ ಮಾತ್ರ ಏಕೆಂದರೆ ಕಾಲಂನ ಉದ್ದ 200, ಒಂದು ಕನ್ನಡ ಸಂಕೇತಕ್ಕೆ 9 ಜಾಗ ಬೇಕು, ಒಟ್ಟು 22 ಸಂಕೇತಕ್ಕೆ ಮುಗಿಯಿತು. ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. ‘ಸ್ವಾತಂತ್ರ್ಯ’ ಒಂದೇ ಪದಕ್ಕೆ 99 ಜಾಗ ಹೋಗುತ್ತೆ. ಉಳಿದರ್ಧವನ್ನು ಲೇಖನ ಓದಿ ಕೈಯಿಂದ ತುಂಬಬೇಕು.

ಮುಂದಕ್ಕೆ ಪ್ರಕಟಿಸುವ ಮೊದಲೇ ಚಿಕ್ಕ ಇಂಗ್ಲಿಷ್ ಸ್ಲಗ್ ಕೊಡಿ, ಅರ್ಧ ಅಕ್ಷರಕ್ಕೆ ಕತ್ತರಿಸಿದ ಕೊಂಡಿಗಳು ತಪ್ಪುತ್ತವೆ. ಹಳೆಯ ಪೋಸ್ಟ್‌ಗಳ ಸ್ಲಗ್ ಬದಲಿಸಿದರೂ ವರ್ಡ್‌ಪ್ರೆಸ್ ಹಳೆಯದನ್ನು ನೆನಪಿಟ್ಟುಕೊಂಡು ಹೊಸದಕ್ಕೆ ಕಳಿಸುತ್ತೆ. ‘ಪೇಜ್’ಗಳಿಗೆ ಆ ಸೌಲಭ್ಯ ಇಲ್ಲ, ಅವನ್ನು ಮುಟ್ಟಬೇಡಿ.