‘ಬ್ರೇಕ್ ಹಿಡೀತಿಲ್ಲ’, ‘ಬ್ರೇಕ್ ಹಿಡ್ಕೊಂಡಿದೆ’

ಪ್ರಶ್ನೆ: ನಂದಿ ಬೆಟ್ಟ ಇಳಿಯುವಾಗ ‘ಬ್ರೇಕ್ ಹಿಡೀಲಿಲ್ಲ’ ಎಂದು ಕಾರು ಬಿಟ್ಟರೆ, ಬೆಂಗಳೂರಿನ ಗ್ಯಾರೇಜಿನವರು ನೋಡಿ ‘ಬ್ರೇಕ್ ಹಿಡ್ಕೊಂಡಿದೆ ಸಾರ್’ ಎನ್ನುತ್ತಾರೆ. ಎರಡೂ ಹೇಗೆ ನಿಜ? ಗಾಡಿಯ ದೂರು ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ ಯಾವುದನ್ನು ಬರೆಸಬೇಕು?

ಉತ್ತರ: ಎರಡೂ ನಿಜವಿರಬಹುದು. ‘ಹಿಡೀತಿಲ್ಲ’ ಅಂದರೆ ತುಳಿದರೂ ಗಾಡಿ ನಿಲ್ಲುತ್ತಿಲ್ಲ. ‘ಹಿಡ್ಕೊಂಡಿದೆ’ ಅಂದರೆ ಕಾಲು ತೆಗೆದ ಮೇಲೂ ಬ್ರೇಕ್ ಪ್ಯಾಡು ಚಕ್ರದ ಜೊತೆ ತಿರುಗುವ ಡಿಸ್ಕನ್ನು ಬಿಡುತ್ತಿಲ್ಲ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ನಿನ ಗ್ರೀಸ್ ಒಣಗಿದರೋ ಪಿಸ್ಟನ್ ತುಕ್ಕು ಹಿಡಿದರೋ ಹೀಗಾಗುತ್ತದೆ. ಊರೊಳಗೆ ಮೈಲೇಜ್ ಒಂದಿಷ್ಟು ಇಳಿದೀತು, ಅಷ್ಟೆ. ಘಾಟಿಯಲ್ಲಿ ಮಾತ್ರ ಆ ಚಕ್ರದ ಬ್ರೇಕ್ ಮೊದಲೇ ಕಾದಿರುವುದರಿಂದ ಬೇಗ ಕೈಕೊಡುತ್ತದೆ.

ಕಾರ್ಡಿನಲ್ಲಿ ಇವೆರಡಕ್ಕಿಂತ ಪೆಡಲ್ ಹೇಗಿತ್ತೆಂದು ಬರೆಸುವುದೇ ಮೇಲು. ಪೆಡಲ್ ಗಟ್ಟಿಯಿದ್ದೂ ವೇಗ ತಗ್ಗದೆ ಸುಟ್ಟ ವಾಸನೆ ಬಂದರೆ ಪ್ಯಾಡು ಅತಿಯಾಗಿ ಕಾದಿದೆ. ‘ಫೇಡ್’ ಎನ್ನುವುದು ಇದನ್ನೇ. (ಎಂಜಿನ್ ಆಫ್ ಮಾಡಿ ಇಳಿಯುವ ಚಾಳಿಯಿದ್ದರೆ ಅದನ್ನೂ ಹೇಳಿ. ಪೆಡಲನ್ನು ಹಗುರ ಮಾಡುವ ಬೂಸ್ಟರಿನ ವ್ಯಾಕ್ಯೂಮ್ ಎರಡು ಮೂರು ಸಲಕ್ಕೆ ಮುಗಿದು ಆಗಲೂ ಪೆಡಲ್ ಕಲ್ಲಾಗುತ್ತದೆ.) ಇಳಿಯುತ್ತಾ ಇಳಿಯುತ್ತಾ ಪೆಡಲ್ ಮೆತ್ತಗಾಗಿ, ತಣಿದ ಮೇಲೆ ಸರಿಹೋದರೆ ಬ್ರೇಕ್ ಆಯಿಲ್ ಕುದಿದಿದೆ. ಡಾಟ್ 3 ದರ್ಜೆಯ ಆಯಿಲಿಗೆ ಹೊಸದರಲ್ಲಿ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಕುದಿಬಿಂದು ಇರಬೇಕು. ಕಾಲ ಕಳೆದಂತೆ ಗಾಳಿಯ ತೇವದಿಂದ ನೀರು ಹೀರಿದ ಮೇಲಿನ ಮಿತಿ ಬರೀ 140. ಡಾಟ್ 4ಕ್ಕೆ 230 ಮತ್ತು 155. ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು ಇದಕ್ಕೇ, ಬಣ್ಣ ಚೆನ್ನಾಗಿದೆಯೆಂದು ಬಿಡಬಾರದು. ತಣ್ಣಗಿದ್ದಾಗಲೂ ಮೆತ್ತಗಿದ್ದು, ಪಂಪ್ ಮಾಡಿದರೆ ಮೇಲೆ ಬರುತ್ತಿದ್ದರೆ ಸಾಮಾನ್ಯವಾಗಿ ಲೈನಿನಲ್ಲಿ ಗಾಳಿ. ಒತ್ತಿ ಹಿಡಿದ ಪೆಡಲ್ ತಾನಾಗಿ ಕೆಳಗಿಳಿಯುತ್ತಾ, ಹೊರಗೆಲ್ಲೂ ಆಯಿಲ್ ಸೋರದಿದ್ದರೆ ಪೆಡಲಿನ ಒತ್ತಡವನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ಒಳಸೀಲ್ ಹೋಗಿದೆ.

‘ಹಿಡ್ಕೊಂಡಿದೆ’ ಎಂಬುದನ್ನೂ ಕಣ್ಣೆದುರೇ ಖಾತ್ರಿ ಮಾಡಿಸಿಕೊಳ್ಳಿ. ಸಮತಟ್ಟಾದ ಕಡೆ ಚಕ್ರವನ್ನು ಜಾಕ್ ಮೇಲೆತ್ತಿಸಿ, ಪೆಡಲ್ ತುಳಿದು ಬಿಟ್ಟು, ಕೈಯಲ್ಲಿ ತಿರುಗಿಸಲಿ. ತುಸು ಉಜ್ಜುವ ಸದ್ದು ಸಹಜ. ಬಿಗಿಯಾದರೆ ಆ ಚಕ್ರದ ಬ್ಲೀಡಿಂಗ್ ನಿಪ್ಪಲ್ (ಆಯಿಲ್, ಗಾಳಿ ಹೊರಬಿಡುವ ತಿರುಪು) ಸಡಿಲಿಸಬೇಕು. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಹಿಂತಿರುಗುತ್ತಿಲ್ಲ ಎಂದರ್ಥ: ಒಂದೇ ಚಕ್ರವಾದರೆ ಆಯಿಲ್ ಒಯ್ಯುವ ರಬ್ಬರ್ ಹೋಸ್ ಒಳಗೆ ಊದಿಕೊಂಡಿರುವ ಸಂಭವವೇ ಹೆಚ್ಚು. ಆಗಲೂ ಬಿಡದಿದ್ದರೆ ಪಿನ್ನು, ಪಿಸ್ಟನ್ ಬಿಚ್ಚಿಸಿ. ಹೋಸ್ ಕೆಟ್ಟಿರುವಾಗ ಕ್ಯಾಲಿಪರ್ ಬದಲಿಸಿದರೆ ದುಡ್ಡು ದಂಡ.