‘ಸಂಪರ್ಕ’ ಅಂದರೆ ಮಂದಿಯೋ, ತಂತಿಯೋ?

ಮೊನ್ನೆ ಗಂಗಾವತಿಗೆ ಹೋದಾಗ ಅವ್ವನಿಗೆ ಒಂದು ಹೊಸ ಟ್ಯಾಬ್ ಒಯ್ದು ಕೊಟ್ಟೆ. ಅವಳ ಹಳೇ ಫೋನಿನ ಗಾಜು ಒಡೆದಿತ್ತು, ಅಕ್ಷರವೂ ಕಾಣುತ್ತಿರಲಿಲ್ಲ. ಅವ್ವ ಏಳನೇತ್ತವರೆಗೆ ಓದಿದವಳು, ದಿನಾ ಪೇಪರ್ ಓದುತ್ತಾಳೆ. ಅದಕ್ಕೇ ಟ್ಯಾಬ್‌ನ ಭಾಷೆಯನ್ನು ಕನ್ನಡಕ್ಕೇ ಇಟ್ಟೆ. ಸುಲಭ ಆಗಲಿ ಅಂತ ಮಾಡಿದ್ದು ಅದು. ಆದರೆ ಅರ್ಧ ದಿನ ನಾವಿಬ್ಬರೂ ಪದಗಳ ಅರ್ಥ ಹುಡುಕುತ್ತಲೇ ಕೂತೆವು.

ಮೊದಲು ತೊಡಕಾದದ್ದು ‘ಸಂಪರ್ಕ’. ನಾನು ಸ್ನಾನಕ್ಕೆ ಹೋಗಿದ್ದೆ. ಅಷ್ಟರಲ್ಲಿ ಕರೆಂಟ್ ಹೋಗಿ ವೈಫೈ ನಿಂತಿತು. ಬಂದು ನೋಡಿದರೆ ಅವ್ವ ಟ್ಯಾಬನ್ನು ಎರಡೂ ಕೈಯಲ್ಲಿ ಹಿಡಿದು ಗಾಬರಿಯಿಂದ ಕೂತಿದ್ದಾಳೆ.

“ತಮ್ಮಾ, ಸಂಪರ್ಕ ಇಲ್ಲ ಅನ್ನಾಕತ್ತೈತಿ. ನಮ್ಮ ಮಂದಿ ನಂಬರ್ ಎಲ್ಲಾ ಹೋದ್ವೇನು?”

ಅವಳು ಓದಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹತ್ತು ನಿಮಿಷದ ಹಿಂದೆ ನಾನೇ ಅವಳಿಗೆ ಆ ಟ್ಯಾಬ್‌ನಲ್ಲಿ ‘ಸಂಪರ್ಕಗಳು’ ಅನ್ನುವ ಗುಂಡಿ ತೋರಿಸಿ, “ನಿನ್ನ ನಂಬರ್ ಎಲ್ಲಾ ಇದರಾಗ ಬರ್ತಾವ” ಅಂದಿದ್ದೆ. ವೈಫೈ ಹೋದಾಗಲೂ ಸಂಪರ್ಕ ಇಲ್ಲ, ಒಬ್ಬರ ನಂಬರೂ ಇಲ್ಲದಿದ್ದಾಗಲೂ ಸಂಪರ್ಕ ಇಲ್ಲ. ಇಂಗ್ಲಿಷಿನಲ್ಲಿ ಇವು ಕಾಂಟ್ಯಾಕ್ಟ್ ಮತ್ತು ಕನೆಕ್ಷನ್, ಎರಡು ಬೇರೆ ಪದ. ಕನ್ನಡಕ್ಕೆ ತಂದವರು ಎರಡಕ್ಕೂ ಒಂದೇ ಪದ ಹಾಕಿದ್ದಾರೆ.

ನಮ್ಮ ದಿನದ ಮಾತಿನಲ್ಲಿ ಸಂಪರ್ಕ ಅಂದರೆ ತಂತಿ, ಕೊಳವೆ, ದಾರಿ. ವಿದ್ಯುತ್ ಸಂಪರ್ಕ, ನಳದ ಸಂಪರ್ಕ, ಗ್ಯಾಸ್ ಸಂಪರ್ಕ, ಸಂಪರ್ಕ ರಸ್ತೆ. ಸಂಸ್ಕೃತದ ಮೂಲದಲ್ಲೂ ಅದು ಕೂಡುವುದು, ಬೆರೆಯುವುದು. ಎರಡರ ನಡುವಿನ ಕೂಡಿಕೆಗೆ ಆ ಹೆಸರು, ಆ ಕೊನೆಯಲ್ಲಿ ನಿಂತ ಮನುಷ್ಯನಿಗಲ್ಲ. ‘ಅವನು ನನ್ನ ಸಂಪರ್ಕದಲ್ಲಿದ್ದಾನೆ’ ಅಂತ ಹೇಳುತ್ತೇವೆ, ‘ಅವನು ನನ್ನ ಸಂಪರ್ಕ’ ಅನ್ನುವುದಿಲ್ಲ ಅಲ್ವಾ? 2020ರಲ್ಲಿ ಕೊರೊನಾ ಬಂದಾಗ ಪತ್ರಿಕೆಗಳಿಗೆ ಇದೇ ತೊಡಕು ಎದುರಾಯಿತು. ಆಗ ಅವರು ‘ಪ್ರಾಥಮಿಕ ಸಂಪರ್ಕಿತರು’ ಅಂತ ಬರೆದರು. ಪದ ಭಾರ ಇರಬಹುದು, ಆದರೆ ಅದು ಮನುಷ್ಯರ ಬಗ್ಗೆ ಅಂತ ಓದಿದವರಿಗೆ ತಕ್ಷಣ ಗೊತ್ತಾಗುತ್ತಿತ್ತು.

ಹಾಗಾದರೆ ಫೋನಿನೊಳಗಿನ ಜನರಿಗೆ ಏನನ್ನೋಣ? ‘ಬಳಗ’ ಅನ್ನುವ ಚೆಂದದ ಪದ ಇದೆ, ಆದರೆ ಅದು ಬಂಧು ಬಳಗದ ಮಾತು. ಅವ್ವನ ಫೋನಿನಲ್ಲಿ ಲೈನ್‌ಮನ್ ಇದ್ದಾನೆ, ಆಟೋದವನಿದ್ದಾನೆ, ಹಾಲಿನವಳಿದ್ದಾಳೆ. ‘ಪರಿಚಿತರು’ ಅಂದರೆ ಪುಸ್ತಕದ ಮಾತಾಯಿತು. ನಮ್ಮ ಕಡೆ ‘ಗುರ್ತಿನವರು’ ಅಂತಾರೆ. “ಆಸ್ಪತ್ರ್ಯಾಗ ಗುರ್ತಿನವರು ಯಾರರ ಅದಾರೇನು?” ಅಂತ ಕೇಳುವುದು ಇಲ್ಲಿ ಮಾಮೂಲು. ನನಗೆ ಈ ಪದ ಬಹಳ ಹಿಡಿಸಿದೆ. ಗುರುತು ಅಂದರೆ ಪರಿಚಯವೂ ಹೌದು, ಗುರುತಿಗೆ ಹಾಕಿಕೊಂಡ ಚಿಹ್ನೆಯೂ ಹೌದು. ಹೆಸರು, ನಂಬರ್, ಫೋಟೊ ಬರೆದಿಟ್ಟುಕೊಳ್ಳುವುದು ಗುರುತಿಗೇ ತಾನೇ? ಅವ್ವ ಮಾತ್ರ ಎಲ್ಲಕ್ಕೂ ‘ನಂಬರ್’ ಅಂತಾಳೆ. ಅದೂ ತಪ್ಪಲ್ಲ. ಆದರೆ ಬರೀ ಇಮೇಲ್ ಇದ್ದು ನಂಬರ್ ಇಲ್ಲದವರಿಗೆ ಅದು ಹೊಂದುವುದಿಲ್ಲ.

ಇನ್ನು ‘ವರ್ಗಾಯಿಸಿ’. ಇದು ನನ್ನನ್ನು ಜಾಸ್ತಿ ಕಾಡಿದ ಪದ.

ಹಳೇ ಫೋನಿನಿಂದ ನಂಬರ್ ತರುವಾಗ ‘ಸಂಪರ್ಕಗಳನ್ನು ವರ್ಗಾಯಿಸಿ’ ಅಂತ ಬಂತು. ಅವ್ವ ನನ್ನ ಕೈ ಹಿಡಿದಳು. “ವರ್ಗ ಆದ್ರ ಹಳೇದ್ರಾಗ ಉಳಿಯಂಗಿಲ್ಲಲ್ಲೋ!” ನಮ್ಮ ಮಾವ ಶಾಲೆ ಮಾಸ್ತರರಾಗಿದ್ದವರು. ಗಂಗಾವತಿಯಿಂದ ಕುಷ್ಟಗಿಗೆ ವರ್ಗ ಆದರೆ ಗಂಗಾವತಿಯ ಕುರ್ಚಿ ಖಾಲಿ. ಹಣ ವರ್ಗಾವಣೆ ಆದರೆ ಈ ಖಾತೆಯಲ್ಲಿ ಅಷ್ಟು ಹಣ ಕಡಿಮೆ. ಶಾಲೆಯಿಂದ ಮಗುವಿನ ವರ್ಗಾವಣೆ ಪತ್ರ ತಂದರೆ ಆ ಶಾಲೆಯ ಹಾಜರಿಯಿಂದ ಹೆಸರು ಹೋಯಿತು. ಮರಾಠಿಯಲ್ಲೂ ಹಣ ‘ವರ್ಗ’ ಮಾಡುವುದು ಅಂದರೆ ಇಲ್ಲಿಂದ ತೆಗೆದು ಅಲ್ಲಿಗೆ ಹಾಕುವುದೇ. ಆದರೆ ನಂಬರ್ ಹಾಗಲ್ಲ. ಹೊಸದಕ್ಕೆ ಬಂದ ಮೇಲೂ ಹಳೆಯದರಲ್ಲಿ ಹಾಗೇ ಇರುತ್ತದೆ.

ಇಷ್ಟು ಹೇಳಿದ ಮೇಲೆ ಅವ್ವನೇ ಕೇಳಿದಳು: “ಹಂಗಂದ್ರ ಝರಾಕ್ಸ್ ಆದಂಗ?” ಹೌದು, ಝರಾಕ್ಸ್ ಆದಂಗೇ. ಅರ್ಥ ಅಷ್ಟೇ.

ಕನ್ನಡದಲ್ಲಿ ಅದಕ್ಕೆ ‘ನಕಲು’ ಇದೆ. ಪಹಣಿ ನಕಲು ತೆಗೆಸಿದರೆ ಮೂಲ ಕಚೇರಿಯಲ್ಲೇ ಉಳಿಯುತ್ತದೆ ಅಂತ ಇಲ್ಲಿನ ಎಲ್ಲ ರೈತರಿಗೂ ಗೊತ್ತು. ಸ್ವಾರಸ್ಯ ಏನೆಂದರೆ, ನಕಲು ಅರಬ್ಬಿಯ ‘ನಕ್ಲ್’ನಿಂದ ಬಂದದ್ದು. ಅಲ್ಲಿ ಅದಕ್ಕೆ ಸಾಗಿಸು, ಜಾಗ ಬದಲಿಸು ಅನ್ನುವ ಅರ್ಥವೂ ಇದೆ, ಪ್ರತಿ ಮಾಡು ಅನ್ನುವ ಅರ್ಥವೂ ಇದೆ. ಉರ್ದುವಿನಲ್ಲಿ ‘ನಕ್ಲ್ ಮಕಾನಿ’ ಅಂದರೆ ಇದ್ದ ಜಾಗ ಬಿಟ್ಟು ಬೇರೆ ಕಡೆ ಹೋಗುವುದು. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ನಮ್ಮ ಸೀಮೆಗೆ ಉರ್ದು ಕಚೇರಿಯ ಮಾತು. ಆದರೂ ನಮ್ಮ ಬಾಯಲ್ಲಿ ಉಳಿದದ್ದು ಪ್ರತಿ ಅನ್ನುವ ಅರ್ಥ ಮಾತ್ರ. ಜೊತೆಗೆ ‘ನಕಲಿ’ ಅನ್ನುವ ಕೆಟ್ಟ ಹೆಸರೂ ಅಂಟಿಕೊಂಡಿತು. ‘ನಂಬರ್ ನಕಲು ಮಾಡಿ’ ಅಂದರೆ ಕೆಲವರಿಗೆ ಏನೋ ಮೋಸದ ಕೆಲಸ ಅನಿಸಬಹುದು.

ಹಾಗಂತ ಯಾವುದೋ ಒಂದು ಪದ ಇದ್ದರಾಯಿತು ಅಂತ ಬಿಡಲಿಕ್ಕಾಗದು. ಅವ್ವನ ನಂಬರುಗಳು ಮೂರು ಕಡೆ ಇದ್ದವು: ಕೆಲವು ಸಿಮ್‌ನಲ್ಲಿ, ಕೆಲವು ಫೋನಿನಲ್ಲಿ, ಉಳಿದವು ಗೂಗಲ್ ಖಾತೆಯಲ್ಲಿ. ಟ್ಯಾಬ್‌ಗೆ ಅದೇ ಖಾತೆ ಹಾಕಿದಾಗ ಖಾತೆಯಲ್ಲಿದ್ದವು ಮಾತ್ರ ತಾವಾಗಿ ಬಂದವು. ಸಿಂಧನೂರಿನ ಚಿಗವ್ವನ ನಂಬರ್ ಬರಲಿಲ್ಲ, ಅದು ಸಿಮ್‌ನಲ್ಲಿತ್ತು. ಟ್ಯಾಬ್‌ಗೆ ಸಿಮ್ ಹಾಕುವ ಜಾಗವೇ ಇಲ್ಲ. ಹಳೇ ಫೋನಿನಲ್ಲಿ ಹುಡುಕಿದರೆ ಎರಡು ದಾರಿ ಕಂಡವು. ಒಂದು, ಸಿಮ್‌ನಲ್ಲಿದ್ದುದರ ಪ್ರತಿಯನ್ನು ಖಾತೆಗೆ ಹಾಕುವುದು. ಇನ್ನೊಂದು, ಬೇರೆ ಖಾತೆಗೆ ಸರಿಸುವುದು. ಮೊದಲನೆಯದರಲ್ಲಿ ಮೂಲ ಉಳಿಯುತ್ತದೆ, ಎರಡನೆಯದರಲ್ಲಿ ಉಳಿಯುವುದಿಲ್ಲ. ಎರಡಕ್ಕೂ ‘ವರ್ಗಾಯಿಸು’ ಅಂತಲೇ ಬರೆದರೆ ಒತ್ತುವವರಿಗೆ ಗೊತ್ತಾಗುವುದು ಹೇಗೆ? ಉಳಿಯುವುದಕ್ಕೆ ‘ಪ್ರತಿ ಹಾಕು’, ಉಳಿಯದಿರುವುದಕ್ಕೆ ‘ಸರಿಸು’ ಅಂತ ಇಟ್ಟರೆ ಸಾಕು ಅಂತ ನನಗನಿಸುತ್ತದೆ. ಎರಡೂ ಎಲ್ಲರಿಗೂ ಗೊತ್ತಿರುವ ಮಾತು.

ಅಂದಹಾಗೆ ‘ಖಾತೆ ಸೇರಿಸಿ’ ಅಂತ ಬಂದಾಗಲೂ ಅವ್ವ ಹಿಂಜರಿದಳು. ಅವಳಿಗೆ ಖಾತೆ ಅಂದರೆ ಬ್ಯಾಂಕಿನದು, ಇಲ್ಲವೇ ಹೊಲದ್ದು. ಅಪರಿಚಿತರು ಫೋನ್ ಮಾಡಿ ಖಾತೆ ನಂಬರ್ ಕೇಳುವ ಈ ಕಾಲದಲ್ಲಿ ಆ ಹಿಂಜರಿಕೆ ಒಳ್ಳೆಯದೇ.

ಕೊನೆಗೆ ಟ್ಯಾಬ್ಲೆಟ್. ಇಂಗ್ಲಿಷಿನಲ್ಲಿ ಅದರ ಹಳೆಯ ಅರ್ಥ ಬರೆಯುವ ಸಣ್ಣ ಹಲಗೆ. ಚಪ್ಪಟೆಯಾಗಿ ಒತ್ತಿ ಮಾಡಿದ ಮಾತ್ರೆಗೆ ಆ ಹೆಸರು ಬಂದದ್ದು ಆಮೇಲೆ. ನಮ್ಮಲ್ಲಿ ಮಾತ್ರೆಗೆ ಗುಳಿಗಿ ಅಂತಾರೆ, ಅದನ್ನು ಈ ಸಾಮಾನಿಗೆ ಹಚ್ಚಲು ಬರುವುದಿಲ್ಲ. ಅವ್ವ ಡಬ್ಬಿ ಬಿಚ್ಚಿದ ಕೂಡಲೇ “ಪಾಟಿ ಇದ್ದಂಗ ಐತಲ್ಲೋ” ಅಂದಳು. ಈಗ ಮನೆಯಲ್ಲಿ ಅದರ ಹೆಸರು ಪಾಟಿ. ಇಲ್ಲಿ ಸ್ಲೇಟಿಗೆ ಪಾಟಿ ಅಂತಾರೆ, ಪಾಟಿಚೀಲ ಅನ್ನುವುದು ಅದರಿಂದಲೇ. ಬರೆದು ಅಳಿಸುವ ಹಲಗೆಯ ಹೆಸರು ಇದಕ್ಕೆ ಸರಿಯಾಗಿ ಕೂಡುತ್ತದೆ. ಇದು ಹೊಸ ಪದ್ಧತಿಯೂ ಅಲ್ಲ. ಹಿಂದೆ ವ್ಯಾಪಾರಿಗಳು ಕಪ್ಪು ಬಳಿದ, ಮಡಚುವ ಬಟ್ಟೆಯ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅದು ಕಡತ. ಬಟ್ಟೆ ಹೋಯಿತು, ಪದ ಕಚೇರಿಯ ಕಾಗದಕ್ಕೆ ಬಂತು. ಈಗ ಕಂಪ್ಯೂಟರಿನ ಫೈಲಿಗೂ ಕಡತ ಅಂತಲೇ ಬರೆಯುತ್ತಾರೆ. ಕಡತಕ್ಕೆ ಆದದ್ದು ಪಾಟಿಗೆ ಯಾಕೆ ಆಗಬಾರದು?

ನಾನು ಕೇಳಬೇಕೆಂದಿರುವುದು ಇಷ್ಟು. ಬಳ್ಳಾರಿ, ರಾಯಚೂರು ಕಡೆಯವರು ಫೋನಿನಲ್ಲಿ ಇಟ್ಟುಕೊಂಡ ಜನರಿಗೆ ನಂಬರ್ ಅನ್ನುವುದು ಬಿಟ್ಟು ಬೇರೇನಾದರೂ ಹೇಳುತ್ತಾರಾ? ಗುರ್ತಿನವರು ಅನ್ನುವುದು ಮೈಸೂರು, ಮಂಗಳೂರು ಕಡೆಯವರಿಗೂ ತಿಳಿಯುತ್ತದಾ? ಮೊಬೈಲ್ ಅಂಗಡಿಗೆ ಹೋಗಿ ನಂಬರ್ ಹಾಕಿಸಿಕೊಳ್ಳುವಾಗ ನಿಮ್ಮ ಮನೆಯ ಹಿರಿಯರು ಯಾವ ಮಾತು ಬಳಸುತ್ತಾರೆ? ಅವರ ಬಾಯಿಂದ ಬಂದದ್ದನ್ನು ಹಾಗೇ ಬರೆದು ತಿಳಿಸಿ.